ತೋಳಿಗೆ ಬೀಳದ ಎರಡು ಸೂಜಿ

೧೯೯೬ರಲ್ಲಿ ನಾನು ಅಥಣಿ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಡ್ರೆಸರ್ ಆಗಿದ್ದೆ. ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಏಳನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೆ ನಾನು ಕಟ್ಟಿದ ಪಟ್ಟಿ ಸಡಿಲಾಯಿತೆಂದು ಯಾರೂ ಮರಳಿ ಬಂದದ್ದಿಲ್ಲ. ಅಕ್ಷರವೂ ದುಂಡಗಿತ್ತು, ಹೀಗಾಗಿ ರಜಿಸ್ಟರ್ ನನ್ನ ಕೊರಳಿಗೇ ಬಿತ್ತು.

ಆ ವರ್ಷ ನಮ್ಮ ದೊಡ್ಡ ಡಾಕ್ಟರು, ಸಿಬ್ಬಂದಿಯೆಲ್ಲ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಲೇಬೇಕೆಂದು ಆದೇಶ ಮಾಡಿದರು. ರಕ್ತದಿಂದ ಹರಡಿ ಲಿವರ್ ಕೆಡಿಸುವ ಕಾಮಾಲೆ ಅದು. ರೋಗಿಗೆ ಬಳಸಿದ ಸೂಜಿ ನಮಗೆ ತಾಗಿದರೂ ಸಾಕು. ಲಸಿಕೆ ಮೂರು ಡೋಸು: ಮೊದಲನೆಯದು, ಅದಾಗಿ ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು. ಮಂದಿಯನ್ನು ಕರೆತಂದು, ಚುಚ್ಚಿದ ಮೇಲೆ ರಜಿಸ್ಟರಿನಲ್ಲಿ ಹೆಸರಿನ ಮುಂದೆ ಟಿಕ್ ಹಾಕುವುದು ನನ್ನ ಪಾಲಿನ ಕೆಲಸ.

ಹಳ್ಳಿ ಹಳ್ಳಿ ತಿರುಗಿ ಕೂಸುಗಳಿಗೆ ಚುಚ್ಚುವ ಮಂದಿ, ತಮ್ಮ ಪಾಳಿ ಬಂದಾಗ ಒಬ್ಬೊಬ್ಬರೇ ಮಾಯ! ಕಾಂಪೌಂಡರನಿಗೆ ಸೋಮವಾರ ಉಪವಾಸ. ಮಂಗಳವಾರ ಬಾ ಅಂದರೆ, "ಮಂಗಳವಾರ ಮೈಗೆ ಸೂಜಿ ತಾಗಿಸಬಾರದ್ರಿ" ಅಂದ.

"ಮಂಗಳವಾರ ಊರ ಮಂದಿಗೆಲ್ಲ ಚುಚ್ಚತೀಯಲ್ಲೋ?"

"ಅದು ಊರ ಮಂದಿ ಮೈರಿ."

ಸಿಟ್ಟಿನಿಂದ ಅವನನ್ನು ರಟ್ಟೆ ಹಿಡಿದು ಎಳೆತಂದೆ.

ಆಯಾ ಕಾಶವ್ವ ಹೆರಿಗೆ ಕೋಣೆ ತೊಳೆಯುವವಳು, ಬಳಸಿದ ಸೂಜಿ ಆರಿಸಿ ಇಡುವವಳು. ಎಲ್ಲರಿಗಿಂತ ಮೊದಲು ಆಕೆಗೆ ಲಸಿಕೆ ಬೇಕಿತ್ತು. ಮೊದಲ ಡೋಸು ಹಾಕಿಸಿಕೊಂಡಳು. ಎರಡನೆಯದಕ್ಕೆ ಬಾಗಿಲಲ್ಲೇ ನಿಂತಳು.

"ಅಣ್ಣಾರ, ಹ್ವಾದ ಸಲ ಮೂರು ದಿನ ತೋಳ ಎತ್ತಾಕ ಬರಲಿಲ್ಲ. ಮನ್ಯಾಗ ಒಂಬತ್ತು ಮಂದಿ ಅದಾರ, ರೊಟ್ಟಿ ಬಡಿಯಾವ್ರ ಯಾರು? ಟಿಕ್ ಹಾಕಿಬಿಡ್ರಿ."

ಎಡಗೈಗೆ ಹಾಕಿಸಿಕೋ ಅಂದೆ. "ರೊಟ್ಟಿ ಬಡಿಯಾಕ ಎರಡೂ ಕೈ ಬೇಕ್ರಿ, ನಿಮಗೇನ ಗೊತ್ತು" ಅಂತ ನಕ್ಕಳು. ಅಂದು ಸಂಜೆಯೊಳಗೆ ಲಸಿಕೆಯ ಲೆಕ್ಕ ಪೂರ್ತಿ ಮಾಡಿ ಕೊಡುತ್ತೇನೆಂದು ಡಾಕ್ಟರ ಮುಂದೆ ಬಡಾಯಿ ಕೊಚ್ಚಿದ್ದೆ. ಟಿಕ್ ಹಾಕಿದೆ. ಮೂರನೆಯ ಸಲ ಆಕೆ ಕೇಳಲೂ ಇಲ್ಲ, ನಾನೇ ಹಾಕಿದೆ.

ಮರುವರ್ಷ ಮಳೆಗಾಲದಲ್ಲಿ ಕಸ ಬಳಿಯುವಾಗ ಕಾಶವ್ವನ ಬೆರಳಿಗೆ ಸೂಜಿ ಚುಚ್ಚಿತು. ಸೆರಗಿಗೆ ಒರೆಸಿಕೊಂಡು ಸುಮ್ಮನಾದಳು. ಎರಡು ತಿಂಗಳಿಗೆ ಕಣ್ಣು ಹಳದಿ, ವಾಂತಿ. ಡಾಕ್ಟರು ಪರೀಕ್ಷಿಸಿ ರಜಿಸ್ಟರ್ ತೆಗೆದರು.

"ಮೂರೂ ಡೋಸ್ ಆಗ್ಯಾವ. ಇದು ಬಿ ಇರಲಿಕ್ಕಿಲ್ಲ, ನೀರಿನಿಂದ ಬರೋ ಕಾಮಾಲಿ."

ಗ್ಲೂಕೋಸ್ ಪುಡಿ ಕೊಟ್ಟು ಮನೆಗೆ ಕಳಿಸಿದರು. ನಾನು ಟ್ರೇ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮೂರನೆಯ ದಿನ ಗಂಡ ಆಕೆಯನ್ನು ಹೊತ್ತುಕೊಂಡೇ ಬಂದ. ಆಕೆಗೆ ತಲೆ ಎತ್ತುವ ತ್ರಾಣವಿರಲಿಲ್ಲ. ನಾನು ಡಾಕ್ಟರ ಬಳಿ ಓಡಿದೆ.

"ಸಾಹೇಬರ, ಕಡೀ ಎರಡು ಟಿಕ್ ಸುಳ್ಳರಿ. ನಾ ಹಾಕೇನಿ. ಆಕಿಗೆ ಚುಚ್ಚಿಲ್ಲ."

ಡಾಕ್ಟರು ನನ್ನ ಮುಖ ನೋಡಿದರು. "ಮೂರು ದಿನದ ಹಿಂದ ಎಲ್ಲಿತ್ತು ಈ ಬಾಯಿ?"

ಆಗಿಂದಾಗಲೇ ಆಕೆಯನ್ನು ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ರಕ್ತದಲ್ಲಿ ಬಿ ಇತ್ತು. ಮನೆಮಂದಿಯ ರಕ್ತವನ್ನೂ ತಪಾಸಣೆ ಮಾಡಿಸಬೇಕಾಯಿತು. ಪುಣ್ಯಕ್ಕೆ ಯಾರಿಗೂ ತಗುಲಿರಲಿಲ್ಲ.

ಕಾಶವ್ವ ಉಳಿದಳು. ಕೆಲಸಕ್ಕೆ ಮರಳಲು ನಾಲ್ಕು ತಿಂಗಳು ಹಿಡಿಯಿತು. ಮೈಯಲ್ಲಿ ಮೂಳೆಯಷ್ಟೇ ಇತ್ತು. ನನ್ನನ್ನು ಬೈಯಲಿಲ್ಲ. "ಇಬ್ಬರೂ ಭಾಳ ಶಾಣ್ಯಾರಾದ್ವಿ ನೋಡ್ರಿ" ಅಂದಳು ಅಷ್ಟೇ. ಬೈದಿದ್ದರೆ ಚಲೋ ಇತ್ತು.

ಆದೇಶ ಹೊರಡಿಸುವುದು ಸುಲಭ, ಟಿಕ್ ಹಾಕುವುದು ಅದಕ್ಕಿಂತ ಸುಲಭ. ಅದಾದ ಮೇಲೆ ನಿವೃತ್ತಿಯಾಗುವತನಕ, ಸೂಜಿ ತೋಳಿನೊಳಗೆ ಹೋದದ್ದನ್ನು ಕಣ್ಣಾರೆ ಕಾಣದೆ ನಾನು ಪೆನ್ನು ಎತ್ತಲಿಲ್ಲ. ಮುಂದೊಮ್ಮೆ ಸಿಬ್ಬಂದಿಗೆ ಲಸಿಕೆ ಹಾಕುವ ದಿನ ಕಾಂಪೌಂಡರ್ ಮುಖ ಗಂಟು ಹಾಕಿ ಕೇಳಿದ:

"ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ನನ್ನ ಮ್ಯಾಲ ಇಲ್ಲ" ಅಂದೆ. "ಅಂಗಿ ತೋಳ ಏರಸು."