ಒಂದು ಪಾವು ಕಾಫಿಬೀಜದ ಆಟ

ಹೆಂಗಸರು ಇಸ್ಪೀಟು ಆಡುತ್ತಾರೆಂದರೆ ನಮ್ಮ ಕಡೆ ಈಗಲೂ ಹುಬ್ಬೇರಿಸುತ್ತಾರೆ. ಅದರಲ್ಲೂ ಪೋಕರ್ ಎಂದರೆ ಮುಗಿದೇ ಹೋಯಿತು. ನಾನೂ ನನ್ನ ಅಕ್ಕನೂ ಹನ್ನೊಂದು ವರ್ಷ ಪೋಕರ್ ಆಡಿದೆವು. ಪಣಕ್ಕೆ ಇಡುತ್ತಿದ್ದದ್ದು ಕಾಫಿಬೀಜ, ಒಂದು ರೂಪಾಯಿಯನ್ನೂ ಇಟ್ಟವರಲ್ಲ. ಆದರೂ ಆ ಆಟದಲ್ಲಿ ನಾನು ಕಳೆದುಕೊಂಡದ್ದು ಸಣ್ಣದೇನಲ್ಲ.

ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ ಬೇಸಾಯದ ಮನೆ ನಮ್ಮದು. ಇಸ್ಪೀಟಿನ ಎಲೆ ಹೊಸಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಅಕ್ಕನನ್ನು ಬಿಟ್ಟಂಗಾಲದ ಹತ್ತಿರದ ಕಾಫಿ ಎಸ್ಟೇಟಿನ ರೈಟರಿಗೆ ಕೊಟ್ಟರು. ಆಳುಗಳ ಹಾಜರಿ, ಪಿಕ್ಕಿಂಗಿನ ಲೆಕ್ಕ ಬರೆಯುವುದು ಭಾವನ ಕೆಲಸ. ಸಾಹುಕಾರರ ಜೊತೆ ಕ್ಲಬ್ಬಿಗೆ ಹೋದಾಗಲೆಲ್ಲ ಅವರ ಹಿಂದೆ ನಿಂತು ನೋಡಿ ನೋಡಿ ಭಾವ ಈ ಆಟ ಕಲಿತರು. ಅವರು ಅಕ್ಕನಿಗೆ ಕಲಿಸಿದರು, ಅಕ್ಕ ನನಗೆ. ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ತಿಂಗಳಿಗೊಂದು ಭಾನುವಾರ ಬೆಳಗಿನ ಬಸ್ಸಿಗೆ ಅಕ್ಕನ ಮನೆಗೆ ಹೋಗಿ, ನಾಲ್ಕರ ಬಸ್ಸಿಗೆ ಹೊರಟುಬಿಡುತ್ತಿದ್ದೆ. ಆರೂವರೆಗೆ ಇನ್ನೊಂದು ಬಸ್ಸಿತ್ತು. ಆದರೆ ಅದು ದುಬಾರೆಯಿಂದ ಮರಳುವ ಪ್ರವಾಸಿಗರ ಕಾರುಗಳ ನಡುವೆ ಸಿಕ್ಕಿಕೊಂಡು ತೆವಳುತ್ತದೆ. ನನ್ನಂಥವಳಿಗೆ ಅದು ಆಗದ ಮಾತು. ಕಾಯುವುದೆಂದರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ.

ಐದೈದು ಎಲೆ ಹಂಚಿಕೊಂಡು, ಬೇಡದ್ದನ್ನು ಒಂದು ಸಲ ಬದಲಿಸಿಕೊಂಡು ಆಡುವ ಸರಳ ಆಟ ಅದು. ಎದುರಿನವರ ಪಣಕ್ಕೆ ಸಮ ಕಟ್ಟಿದರೆ ಎಲೆ ತೋರಿಸಬೇಕು, ಒಳ್ಳೆಯ ಎಲೆ ಇದ್ದವರಿಗೆ ರಾಶಿ, ಕಟ್ಟದೆ ಎಲೆ ಎಸೆದರೆ ಅದುವರೆಗೆ ನಡುವೆ ಇಟ್ಟ ನಾಲ್ಕಾರು ಬೀಜವಷ್ಟೇ ಹೋಗುತ್ತದೆ. ಇಬ್ಬರ ಮುಂದೆಯೂ ಒಂದೊಂದು ಡಬ್ಬಿ, ಡಬ್ಬಿಯಲ್ಲಿ ಒಂದು ಪಾವು ಬೀಜ. ಹಣ್ಣಿನೊಳಗೆ ಜೋಡಿಯಿಲ್ಲದೆ ಒಂಟಿಯಾಗಿ ಗುಂಡಗೆ ಬೆಳೆಯುವ ಪೀಬೆರಿ ಬೀಜಕ್ಕೆ ಹತ್ತರ ಬೆಲೆ. ಯಾರ ಡಬ್ಬಿ ಖಾಲಿಯಾಯಿತೋ ಅಲ್ಲಿಗೆ ಆಟ ಮುಗಿಯಿತು. ಇನ್ನು ಪಣ ಕಟ್ಟುವುದರಲ್ಲಿ ಮೂರು ಬಗೆ. ಲಿಮಿಟ್ ಆದರೆ ಒಂದು ಸಲಕ್ಕೆ ಎರಡೇ ಬೀಜ, ಹೆಚ್ಚು ಇಡುವಂತಿಲ್ಲ. ಪಾಟ್ ಲಿಮಿಟ್‌ನಲ್ಲಿ ನಡುವೆ ಎಷ್ಟು ರಾಶಿ ಬಿದ್ದಿದೆಯೋ ಅಷ್ಟರವರೆಗೆ ಇಡಬಹುದು. ನೋ ಲಿಮಿಟ್‌ನಲ್ಲಿ ಮನಸ್ಸು ಬಂದಾಗ ಇಡೀ ಡಬ್ಬಿಯನ್ನೇ ಸುರಿಯಬಹುದು.

ಗಣಿತದವಳಲ್ಲವೇ, ಒಂದು ದಿನ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿ ಅಕ್ಕನಿಗೆ ಪಾಠವನ್ನೇ ಮಾಡಿದೆ.

"ನೋಡು, ಲಿಮಿಟ್‌ಗೆ ಒಂದು ಪಾವು ಧಾರಾಳ. ಪಾಟ್ ಲಿಮಿಟ್‌ನಲ್ಲಿ ರಾಶಿ ಬೆಳೆದ ಹಾಗೆ ಪಣಾನೂ ಬೆಳೀತದೆ, ಒಂದು ಸೇರಾದ್ರೂ ಬೇಕು. ನೋ ಲಿಮಿಟ್‌ಗೆ ಚೀಲಾನೇ ಪಕ್ಕದಲ್ಲಿ ಇಟ್ಕೊಂಡು ಕೂರ್ಬೇಕು. ಒಂದೇ ಆಟದಲ್ಲಿ ಎಲ್ಲ ಹೋದ್ರೆ ಮತ್ತೆ ಕಟ್ಟೋಕೆ ಏನಾದ್ರೂ ಇರ್ಬೇಕಲ್ಲ."

"ನಮ್ಮ ಹತ್ರ ಇರೋದು ಒಂದೊಂದು ಪಾವು. ಹಂಗಾದ್ರೆ ಲಿಮಿಟ್ಟೇ ಆಡನ ಕಣೆ," ಎಂದಳು ಅಕ್ಕ. "ಸಾಯಂಕಾಲದವರೆಗೂ ಬತ್ತದಲ್ಲ."

"ಎರಡೆರಡು ಬೀಜ ಇಡ್ತಾ ಕೂತ್ರೆ ನನ್ನ ಬಸ್ಸಿನ ಗತಿ? ಆಗಲ್ಲಪ್ಪ. ನೋ ಲಿಮಿಟ್ಟೇ."

ಅಕ್ಕ ಎಲೆ ಕಲೆಸತೊಡಗಿದಳು. ಚೀಲ ಬೇಕಾದ ಆಟಕ್ಕೆ ಪಾವು ಹಿಡಿದು ಕೂರುವುದು ತಪ್ಪೆಂದು ಪಾಠ ಮಾಡಿದವಳಿಗೇ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಆರಿಸಿದೆ. ಬೇಗ ಮುಗಿಯುತ್ತದಲ್ಲ, ಅದಕ್ಕೆ.

ನನ್ನ ಆಟವೂ ನನ್ನ ಹಾಗೆಯೇ. ಕೈಯಲ್ಲಿ ಕೆಲಸಕ್ಕೆ ಬಾರದ ಎಲೆಗಳಿದ್ದರೂ "ಎಲ್ಲಾ!" ಎಂದು ಡಬ್ಬಿಯನ್ನೇ ಬೋರಲು ಹಾಕುತ್ತಿದ್ದೆ. ಅಕ್ಕ ತನ್ನ ಎಲೆ ನೋಡುತ್ತಿದ್ದಳು, ಗೋಡೆ ಗಡಿಯಾರ ನೋಡುತ್ತಿದ್ದಳು, ಆಮೇಲೆ ಎಲೆಗಳನ್ನು ಮಗುಚಿ ಇಟ್ಟು, "ನೀನೇ ತಗೊ ಮಾರಾಯ್ತಿ," ಎನ್ನುತ್ತಿದ್ದಳು. ಅವಳ ಬೆನ್ನ ಹಿಂದೆ ಪೇಪರ್ ಹಿಡಿದು ಕೂತ ಭಾವ ಒಮ್ಮೊಮ್ಮೆ ಕೆಮ್ಮುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ. ನನ್ನ ಸುಳ್ಳನ್ನು ಹಿಡಿಯುವವರೇ ಇಲ್ಲವೆಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು. ಅಕ್ಕ ಹೀಗೆ ಬಿಟ್ಟುಕೊಡುತ್ತಿದ್ದರೂ ಆಟ ಯಾಕೋ ಎಳೆಯುತ್ತಿತ್ತು. ಅದಕ್ಕೂ ನಾನು ರೇಗುತ್ತಿದ್ದೆ. ಬೇಗ ಮುಗಿದರೆ ದಾರಿಯಲ್ಲಿ ಸಿಕ್ಕ ಜೀಪಿಗೇ ಹೊರಡುವ ಆತುರ ನನ್ನದು. ಮುಗಿಯದಿದ್ದರೂ ಮೂರೂವರೆಯಾದರೆ ಸಾಕು, ಅರ್ಧಕ್ಕೇ ಬಿಟ್ಟು ಚಪ್ಪಲಿ ಮೆಟ್ಟುತ್ತಿದ್ದೆ.

ಒಂದೇ ಒಂದು ಭಾನುವಾರ ನಾವು ಲಿಮಿಟ್ ಆಡಿದೆವು. ರಸ್ತೆಗೆ ಆನೆ ಬಂದು ನಾಲ್ಕರ ಬಸ್ಸು ಎಲ್ಲೋ ನಿಂತುಬಿಟ್ಟಿತ್ತು. ಬೇರೆ ದಾರಿಯಿಲ್ಲದೆ ಕೂತೆ. ಎರಡು ಬೀಜ ಇಡುವುದು, ಒಂದು ಮಾತಾಡುವುದು. ಅವ್ವ ಮಾಡುತ್ತಿದ್ದ ಹುರುಳಿ ಬಸ್ಸಾರಿನ ಮಾತು, ಆಳುಗಳ ಲೈನ್ ಮನೆಯಲ್ಲಿ ಹುಟ್ಟಿದ ಅವಳಿ ಮಕ್ಕಳ ಮಾತು, ಚಿಕ್ಕಂದಿನಲ್ಲಿ ನಾನು ಅವಳ ರಿಬ್ಬನ್ನು ಕದ್ದ ಮಾತು. ಸೋತರೂ ಎರಡೇ ಬೀಜ, ಗೆದ್ದರೂ ಎರಡೇ. ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆರೂವರೆಗೆ ನಾನು ಎದ್ದಾಗ ಎರಡು ಡಬ್ಬಿಗಳಲ್ಲೂ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಬೀಜವಿತ್ತು. "ಮುಂದಿನ ತಿಂಗಳೂ ಹಿಂಗೇ ಆಡನ," ಎಂದಳು. ಹೂಂ ಎಂದೆ. ಮುಂದಿನ ತಿಂಗಳು ಮತ್ತೆ "ಎಲ್ಲಾ!" ಎಂದೆ.

ಹೋದ ವರ್ಷ ಪಿಕ್ಕಿಂಗ್ ಮುಗಿಯುವ ಹೊತ್ತಿಗೆ ಅಕ್ಕ ತೀರಿಕೊಂಡಳು. ಜ್ವರವೆಂದು ಮೈಸೂರಿನ ಆಸ್ಪತ್ರೆಗೆ ಸೇರಿದವಳು ಹತ್ತು ದಿನಕ್ಕೆ ಹೆಣವಾಗಿ ಬಂದಳು. ಕರ್ಮಗಳೆಲ್ಲ ಮುಗಿದು ತಿಂಗಳಾದ ಮೇಲೆ ಒಂದು ಭಾನುವಾರ ಭಾವನನ್ನು ನೋಡಿಕೊಂಡು ಬರಲು ಹೋದೆ. ಊಟವಾಯಿತು. ಭಾವ ಒಳಗಿನಿಂದ ಎರಡೂ ಡಬ್ಬಿ, ಎಲೆಕಟ್ಟು ತಂದು, "ನಿಂಗೆ ಸೇರಿದ್ದು, ತಗೊಂಡೋಗಮ್ಮ," ಎಂದರು. ಅಳು ತಡೆಯಲೆಂದು ನಾನು ಏನೋ ಒಂದು ಹೇಳಿದೆ.

"ಪಾಪ, ಒಂದು ದಿನಾನೂ ನನ್ನ ಸುಳ್ಳು ಹಿಡೀಲಿಲ್ಲ ಭಾವ ಅವಳು."

ಭಾವ ಡಬ್ಬಿಯ ಮೇಲಿನ ಧೂಳು ಒರೆಸಿದರು.

"ನಾನು ಹಿಂದೆ ಕೂತು ಅವಳ ಎಲೆ ನೋಡ್ತಿದ್ನಲ್ಲ," ಎಂದರು. "ಒಂದ್ಸಲ ಮೂರು ರಾಣಿ ಇದ್ವು, ಎಸೆದ್ಲು. ಇನ್ನೊಂದ್ಸಲ ಎರಡು ಎಕ್ಕ, ಅದನ್ನೂ ಎಸೆದ್ಲು. ಯಾಕೆ ಅಂತ ಕೇಳ್ದೆ. 'ನಾನೂ ಎಲ್ಲ ಕಟ್ಟಿದ್ರೆ ಯಾರಾದ್ರೂ ಒಬ್ರ ಡಬ್ಬಿ ಖಾಲಿ ಆಗ್ತದೆ, ತಂಗಿ ಎದ್ದು ಹೊರಟೋಗ್ತಾಳೆ, ಎಸೆದ್ರೆ ಇನ್ನೊಂದು ಅರ್ಧ ಗಂಟೆ ಕೂತಿರ್ತಾಳೆ' ಅಂದ್ಲು."

ಎಷ್ಟು ಭಾನುವಾರಗಳು! ಅವಳು ಕೇಳಿದ್ದು ನಾಲ್ಕರಿಂದ ಆರೂವರೆಯವರೆಗಿನ ಹೊತ್ತು ಮಾತ್ರ. ಅದನ್ನು ನಾನು ಕೊಡಲಿಲ್ಲವೆಂದು ಬೀಜ ಕೊಟ್ಟು ಅರ್ಧರ್ಧ ಗಂಟೆ ಕೊಂಡುಕೊಂಡಳು. ಅಕ್ಕಾ, ಒಂದು ಮಾತು ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು ಅವಳ ಮೇಲೂ ಕೋಪ ಬಂತು. ಹೇಳಿದ್ದಳು. ಲಿಮಿಟ್ ಆಡೋಣ ಎಂದಿದ್ದಳು.

ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಒಂದನ್ನು ಭಾವನ ಮುಂದಿಟ್ಟು ಎಲೆ ಹಂಚಿದೆ. ಎರಡು ಬೀಜ ನಡುವೆ ಇಟ್ಟೆ. ಅವರೂ ಎರಡು ಇಟ್ಟರು. ಹಾಗೇ ಎಷ್ಟೋ ಸುತ್ತು ಆಡಿದೆವು. ಗೇಟಿನ ಕಡೆಯಿಂದ ಹಾರ್ನ್ ಕೇಳಿಸಿತು.

"ನಿನ್ನ ಬಸ್ಸು," ಎಂದರು ಭಾವ.

"ಹೋಗ್ಲಿ ಬಿಡಿ, ಇನ್ನೂ ಬೀಜ ಇದೆಯಲ್ಲ," ಎಂದೆ. ನನ್ನ ಬಾಯಿಂದ ಕೇಳಬೇಕೆಂದು ಅಕ್ಕ ಹನ್ನೊಂದು ವರ್ಷ ಕಾದಿದ್ದ ಮಾತು ಅದು. ಭಾವ ತಲೆ ಎತ್ತಲಿಲ್ಲ, ಎಲೆ ಕಲೆಸುತ್ತಿದ್ದ ಅವರ ಕೈ ಮಾತ್ರ ಒಂದು ಗಳಿಗೆ ನಿಂತಿತು.