ಎಕ್ಸಿಲ್ಡಾ ಅತ್ತೆಯ ಹೊಸ್ತಿಲು ಎಡವಿದ ಹಾಡುಗಾರ

ದನಿಯೇ ಬಂಡವಾಳವಾಗಿದ್ದ ಮನುಷ್ಯ, ಆ ದನಿ ಹೋದ ಮೇಲೆ ಸಿನಿಮಾ ನಟ ಹೇಗಾದ? ನಮ್ಮ ದ್ವೀಪಕ್ಕೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಪತ್ರಿಕೆಯವರು ಏನೇನೋ ಬರೆದಿದ್ದಾರೆ. ನಡೆದದ್ದು ಮಾತ್ರ ಒಂದು ಅಡುಗೆಮನೆಯಲ್ಲಿ. ಅವತ್ತು ಅಲ್ಲಿ ಒಲೆಯ ಮುಂದೆ ನಿಂತು ಕ್ರೊಕ್ಸಿನ್ಯೋಲ್ ಎಂಬ ಸಿಹಿ ಹಿಟ್ಟಿನ ತಿಂಡಿ ಕರಿಯುತ್ತಿದ್ದವಳು ಪಕ್ಕದ ಮನೆಯ ನಾನು.

ಅವನ ಹೆಸರು ಉಲ್ರಿಕ್. ಅರ್ಧ ಊರಿಗೆ ಒಂದೇ ಮನೆತನದ ಹೆಸರಿರುವುದರಿಂದ ನಾವು ಅಪ್ಪನ ಹೆಸರು ಸೇರಿಸಿ ನೆಕ್ತೇರನ ಉಲ್ರಿಕ್ ಅನ್ನುತ್ತಿದ್ದೆವು. ಮೇ ತಿಂಗಳಲ್ಲಿ ಅಪ್ಪನ ದೋಣಿ ಹತ್ತಿ ಲಾಬ್‌ಸ್ಟರ್ ಬೋನು ಎತ್ತುವುದು, ಜುಲೈ ಕಳೆದ ಮೇಲೆ ಹಾಡು ಕಟ್ಟುವುದು, ಇಷ್ಟೇ ಅವನ ಬದುಕು. ಹಾಡೆಂದರೆ ಮಾಂಟ್ರಿಯಲ್‌ನವರ ನಯವಾದ ಫ್ರೆಂಚ್ ಅಲ್ಲ, ನಾವು ದಕ್ಕೆಯಲ್ಲಿ ಬೈದಾಡುವ ಫ್ರೆಂಚ್. ಗಾಳಿಗೆ ಹಾರಿಹೋದ ಕೋಳಿಗೂಡಿನ ಮೇಲೊಂದು, ದೋಣಿ ಮಾರಿ ಅತ್ತ ಚಿಕ್ಕಪ್ಪನ ಮೇಲೊಂದು. ಆ ದನಿಯಲ್ಲಿ ಉಪ್ಪೂ ಇತ್ತು, ಜೇನೂ ಇತ್ತು. ಎರಡು ರೆಕಾರ್ಡ್ ಬಂದವು. ಬೆಲ್ಜಿಯಂವರೆಗೂ ಹೋಗಿ ಹಾಡಿ ಬಂದ. ಹಾಡುವಾಗ ಎಡಗಾಲಿನ ಹಿಮ್ಮಡಿ ಎರಡು ಸಲ ನೆಲ ಬಡಿದು ಒಂದು ಸಲ ಸುಮ್ಮನಿರುತ್ತಿತ್ತು. ಊಟಕ್ಕೆ ಕೂತಾಗಲೂ ಅದು ನಿಲ್ಲುತ್ತಿರಲಿಲ್ಲ.

ನಲವತ್ತೊಂದನೇ ವಯಸ್ಸಿನಲ್ಲಿ ಗಂಟಲಲ್ಲಿ ಗಂಟು ಬಂತು. ಕತ್ತರಿಸಿ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಒಣಹುಲ್ಲಿನ ಮೇಲೆ ಯಾರೋ ನಡೆದಂತೆ ಒಂದು ಪಿಸುಗುಟ್ಟುವಿಕೆ ಉಳಿಯಿತು, ಅಷ್ಟೇ. ಊರಿಗೆ ಬಂದವನನ್ನು ಕಂಡು ಜನಕ್ಕೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಕೆಲವರು, ಹೋಗಿದ್ದು ಅವನ ಕಿವಿಯೇನೋ ಎಂಬಂತೆ, ಕೂಗಿ ಕೂಗಿ ಮಾತಾಡಿದರು. ಉಳಿದವರು ರಸ್ತೆ ದಾಟಿ ಆ ಬದಿಗೆ ಹೋದರು. ನಾನೂ ಒಂದು ಸಲ ಹಾಗೆ ಹೋಗಿದ್ದೇನೆ, ಸುಳ್ಳು ಹೇಳಿ ಏನಾಗಬೇಕು.

ಆ ಫೆಬ್ರವರಿಯಲ್ಲಿ ಸೊಲಾಂಜ್ ಎಂಬ ಸಿನಿಮಾ ನಿರ್ದೇಶಕಿ ಬಂದಳು. ಇಪ್ಪತ್ತು ವರ್ಷದ ಮೇಲೆ ಊರಿಗೆ ಬಂದವನನ್ನು ಒಡಹುಟ್ಟಿದ ಅಕ್ಕನೇ ಗುರುತು ಹಿಡಿಯದ ಕಥೆ ಅವಳದ್ದು. ಆ ಪಾತ್ರಕ್ಕೆ ದ್ವೀಪದವನೇ ಬೇಕು ಎಂದು ಹುಡುಕುತ್ತಿದ್ದಳು. ಉಲ್ರಿಕ್ ಹೋಗಿ ಕೇಳಿದ. ಅವಳು ಒಳ್ಳೆಯ ಮಾತಿನಲ್ಲೇ ಒಲ್ಲೆ ಅಂದಳಂತೆ. ಅವನು ಪರದೆಯ ಮೇಲೆ ಬಂದರೆ ಜನಕ್ಕೆ ಕಾಣುವುದು ದನಿ ಕಳೆದುಕೊಂಡ ಹಾಡುಗಾರನೇ ಹೊರತು ಬೇರೆ ಯಾರೂ ಅಲ್ಲ ಎಂಬುದು ಅವಳ ವಾದ. ಉಲ್ರಿಕ್‌ಗೆ ಬೇರೆ ದಾರಿ ಇರಲಿಲ್ಲ. ಆ ಪಾತ್ರ ಸಿಗದಿದ್ದರೆ ಉಳಿದ ಆಯುಷ್ಯವೆಲ್ಲ ಜನ ಕನಿಕರದಿಂದ ನೋಡುವ ಹಳೆಯ ಹಾಡುಗಾರನಾಗಿಯೇ ಇರಬೇಕಿತ್ತು. ಆಗ ಅವನು ಪಂದ್ಯ ಕಟ್ಟಿದ. ಮುಂದಿನ ತಿಂಗಳು ಮಿಕಾರೆಮ್ ಹಬ್ಬ. ತಾನು ವೇಷ ಹಾಕಿ ಸೋದರತ್ತೆ ಎಕ್ಸಿಲ್ಡಾಳ ಮನೆಗೆ ಹೋಗುವುದು. ಅತ್ತೆ ಗುರುತು ಹಿಡಿಯದಿದ್ದರೆ ಪಾತ್ರ ತನಗೆ.

ಸೊಲಾಂಜ್ ನಕ್ಕಳಂತೆ. ಮುಖ ಮುಚ್ಚಿಕೊಂಡರೆ ಯಾರು ತಾನೇ ಹಿಡಿಯುತ್ತಾರೆ ಅಂದಳಂತೆ.

"ನೀವಿನ್ನೂ ನಮ್ಮತ್ತೇನ ನೋಡಿಲ್ಲ," ಅಂದನಂತೆ ಇವನು.

ಮಿಕಾರೆಮ್ ಬರುವುದು ಈಸ್ಟರ್‌ಗೆ ಮುಂಚಿನ ಉಪವಾಸದ ನಲವತ್ತು ದಿನಗಳ ನಡುವೆ. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡು, ತುಟಿಪಿಟಕ್ಕೆನ್ನದೆ ನೆರೆಯವರ ಮನೆಗೆ ನುಗ್ಗುವುದು. ಯಾರೆಂದು ಮನೆಯವರು ಹೇಳಬೇಕು. ಹೇಳಿದರೆ ಮುಖವಾಡ ತೆಗೆಯಬೇಕು. ಮನೆಯವರು ಸೋತೆವೆಂದರೂ ತೆಗೆಯಬೇಕು. ಎಕ್ಸಿಲ್ಡಾ ಅತ್ತೆ ನಲವತ್ತು ವರ್ಷದಲ್ಲಿ ಒಮ್ಮೆಯೂ ಸೋತವಳಲ್ಲ. ಅವಳ ಗುಟ್ಟು ಹೊಸ್ತಿಲಿನಲ್ಲಿತ್ತು. ಅವಳ ಮರದ ಮನೆಯನ್ನು ಹಿಂದೆ ಗುಡ್ಡದ ಮೇಲಿಂದ ಇಡಿಯಾಗಿ ಎಳೆದು ತಂದು ಕೂರಿಸಿದ್ದರು. ಆಗ ಅಡುಗೆಮನೆಯ ಹೊಸ್ತಿಲು ಒಂದು ಗೇಣು ಮೇಲೆದ್ದು ಹಾಗೇ ಉಳಿಯಿತು. ಊರಿನವರ ಕಾಲು ತಾನಾಗಿ ಎತ್ತರಕ್ಕೆ ಏಳುತ್ತದೆ, ಹೊರಗಿನವರು ಎಡವುತ್ತಾರೆ. ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತಿತ್ತು. ಉಲ್ರಿಕ್ ಅವಳ ತಮ್ಮನ ಮಗ. ಪ್ರತಿ ವರ್ಷ ವೇಷ ಹಾಕುತ್ತಿದ್ದ, ಪ್ರತಿ ವರ್ಷ ಆ ಹಿಮ್ಮಡಿಯಿಂದ ಸಿಕ್ಕಿಬೀಳುತ್ತಿದ್ದ.

ಶನಿವಾರ ಮಧ್ಯಾಹ್ನ ಮೂರಕ್ಕೆ ನಾಲ್ವರು ಬಂದರು. ಗೋಣಿಚೀಲದ ಕರಡಿ, ಮೀಸೆ ಕಾಣುವ ಮದುಮಗಳು, ಹೊಟ್ಟೆಗೆ ದಿಂಬು ಕಟ್ಟಿದ ಪಾದ್ರಿ, ಕಿಟಕಿ ಪರದೆ ಸುತ್ತಿಕೊಂಡ ಮುದುಕಿ. ಮೊದಲ ಮೂವರು ಕಾಲೆತ್ತಿ ದಾಟಿದರು. ಮುದುಕಿ ಹೊಸ್ತಿಲು ಎಡವಿ ಮುಗ್ಗರಿಸಿ, ನನ್ನ ಹಿಟ್ಟಿನ ಪಾತ್ರೆ ಹಿಡಿದು ನಿಂತಳು. ಆಮೇಲೆ ಹೋಗಿ, ಊರಿನವರು ಯಾರೂ ಕೂರದ, ಅತ್ತೆಯ ಗಂಡ ಸತ್ತ ಮಾವನ ಕುರ್ಚಿಯಲ್ಲಿ ಕೂತುಬಿಟ್ಟಳು.

"ಇದು ಸಿನಿಮಾದವರ ಪೈಕಿ," ಅಂದಳು ಅತ್ತೆ, ಅತ್ತ ತಿರುಗಿಯೂ ನೋಡದೆ. "ಪಾಪ, ಒಂದು ಲೋಟ ಬಾಗೊಸ್ ಕೊಡೇ." ಮನೆಯಲ್ಲೇ ಇಳಿಸಿದ ಆ ಹೆಂಡವನ್ನು ನಾನು ಎಲ್ಲರ ಕೈಗೂ ಕೊಟ್ಟೆ.

ಕರಡಿಯನ್ನು ಬೇಕರಿಯ ರೋಸೇರ್ ಎಂದಳು, ಸರಿಯಾಯಿತು. ಮದುಮಗಳು ಲೋಟ ಹಿಡಿದ ರೀತಿ ನೋಡಿ ಯುಕ್ಲಿದ್ ಎಂದಳು, ಅದೂ ಸರಿಯಾಯಿತು. ಪಾದ್ರಿಯ ಮುಂದೆ ಬಂದವಳು ನಿಂತೇಬಿಟ್ಟಳು. ನಾನೂ ನೋಡಿದೆ. ಎಡ ಹಿಮ್ಮಡಿ ಎರಡು ಸಲ ಬಡಿಯಿತು, ಒಂದು ಸಲ ಸುಮ್ಮನಾಯಿತು. ಅತ್ತೆಯ ಕಣ್ಣು ತುಂಬಿತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಈ ಮನೆಗೆ ಬಂದಿರಲಿಲ್ಲ.

"ಬಂದ್ಯಾ ಮಗಾ," ಅಂದಳು. "ಉಲ್ರಿಕ್, ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು ಕಣೋ ನಂಗೆ."

ಪಾದ್ರಿ ಮುಖವಾಡ ತೆಗೆದ. ಒಳಗಿದ್ದವಳು ಸೊಲಾಂಜ್. ಎಂಟು ದಿನ ಕೂರಿಸಿಕೊಂಡು ಉಲ್ರಿಕ್ ಅವಳಿಗೆ ಆ ತಾಳ ಕಲಿಸಿದ್ದ. ಹೊಸ್ತಿಲಿನ ಎತ್ತರವನ್ನೂ ಹೇಳಿಕೊಟ್ಟಿದ್ದ. ಅತ್ತೆ ನಿಧಾನವಾಗಿ ಮಾವನ ಕುರ್ಚಿಯ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು. ಕೊನೆಗೆ, ಸೋತೆ ಅಂದಳು.

ಮುದುಕಿ ಪರದೆ ಸರಿಸಿದಳು. ಅದು ಉಲ್ರಿಕ್.

ಅತ್ತೆಗೆ ಸಿಟ್ಟು ಬಂತೋ ಅವಮಾನವಾಯಿತೋ, ಬೆರಳು ಚಾಚಿ ಹೊಸ್ತಿಲು ತೋರಿಸಿದಳು. "ತೆವಳೋ ವಯಸ್ಸಿಂದ ದಾಟಿದ ಹೊಸ್ತಿಲು ಕಣೋ ಇದು. ಎಡವೋದನ್ನ ಎಲ್ಲಿ ಕಲಿತೆ ನೀನು?"

ಉಲ್ರಿಕ್ ಹತ್ತಿರ ಬಂದು ಬಗ್ಗಿದ. ಆ ಪಿಸುಮಾತು ಕೇಳಲು ಕರಡಿಯೂ ಕುತ್ತಿಗೆ ಚಾಚಿತು.

"ಕಲೀಲಿಲ್ಲ ಅತ್ತೆ. ದನಿ ಹೋದಾಗಿಂದ ಯಾರ ಮನೆಗೆ ಹೋದ್ರೂ ಹೊಸಬನ ಹಾಗೇ ಹೋಗ್ತಿದೀನಿ. ಅದನ್ನೇ ಮಾಡಿ ತೋರಿಸಿದೆ."

ಅತ್ತೆ ಬಿಸಿ ಕ್ರೊಕ್ಸಿನ್ಯೋಲ್ ಒಂದನ್ನು ಮುರಿದು ಅವನ ಬಾಯಿಗಿಟ್ಟಳು. ಸೊಲಾಂಜ್ ದಿಂಬು ಬಿಚ್ಚುತ್ತಾ, ಜೂನ್ ಹತ್ತಕ್ಕೆ ಚಿತ್ರೀಕರಣ, ಗಡ್ಡ ಬಿಡಲು ಶುರುಮಾಡು ಅಂದಳು. ಜೂನ್ ಅಂದರೆ ಲಾಬ್‌ಸ್ಟರ್ ಕಾಲವಲ್ಲವೇ, ದೋಣಿಗೆ ಯಾರು ಹೋಗುತ್ತಾರೆ ಎಂದು ಅತ್ತೆ ಅಲ್ಲೇ ಜಗಳ ತೆಗೆದಳು.

ಆ ಸಿನಿಮಾ ಬಂತು, ಆಮೇಲೆ ಇನ್ನೂ ಒಂಬತ್ತು ಬಂದವು. ಎಲ್ಲದರಲ್ಲೂ ಅವನಿಗೆ ಹತ್ತು ಹನ್ನೆರಡು ಮಾತು, ಹೆಚ್ಚಿಲ್ಲ. ಅವನು ಬಾಯಿ ತೆರೆದರೆ ಇಡೀ ಚಿತ್ರಮಂದಿರ ಮುಂದಕ್ಕೆ ಬಾಗಿ ಕೇಳುತ್ತದೆಯಂತೆ.

ನನಗೆ ನೆನಪಿರುವುದು ಮಾತ್ರ ಬೇರೆ. ಮಿಕಾರೆಮ್ ಕಳೆದು ಸೋಮವಾರ ಬೆಳಿಗ್ಗೆ ಅತ್ತೆಯ ಮನೆಯಲ್ಲಿ ಗರಗಸದ ಸದ್ದು ಕೇಳಿ ಓಡಿದೆ. ಬಡಗಿ ಮಂಡಿಯೂರಿ ಕೂತು ಹೊಸ್ತಿಲನ್ನು ನೆಲಮಟ್ಟಕ್ಕೆ ಕೊಯ್ಯುತ್ತಿದ್ದ. ಇನ್ಮೇಲೆ ಹೊರಗಿನವರು ಯಾರು, ಊರಿನವರು ಯಾರು ಅಂತ ಹೇಗೆ ಹಿಡಿಯುತ್ತೀ ಎಂದು ಕೇಳಿದೆ.

"ಹಿಡಿದು ಏನಾಗ್ಬೇಕಿದೆ," ಅಂದಳು ಅತ್ತೆ, ಮರದ ಪುಡಿ ಗುಡಿಸುತ್ತಾ. "ಬರೋರು ಬರ್ಲಿ."