ಉಪ್ಪಿಲ್ಲದ ರಕ್ತ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧ ಮುಗಿದ ವರ್ಷ, ದಂಡು ಪ್ರದೇಶದ ಕಾಲೇಜೊಂದರಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಜೀವಶಾಸ್ತ್ರ ನನಗೆ ಬರುತ್ತಿರಲಿಲ್ಲ, ಜೀವಶಾಸ್ತ್ರದ ಮೇಷ್ಟರ ದನಿ ಬರುತ್ತಿತ್ತು. ಎರಡು ಸಲ ಕೆಮ್ಮಿ ಮೂಗಿನಿಂದ "ಏನಪ್ಪಾ" ಎಂದರೆ ಮುಗಿಯಿತು, ಸ್ವತಃ ಅವರ ಹೆಂಡತಿಯೇ ತಿರುಗಿ ನೋಡಬೇಕು. ನನ್ನ ಸ್ವಂತ ದನಿಗೆ ಮನೆಯ ನಾಯಿಯೂ ತಿರುಗುತ್ತಿರಲಿಲ್ಲ.

ಅಂದು ಜೀವಕೋಶದ ಪೊರೆಯ ಪಾಠ. ಹಲಸೂರಿನಿಂದ ಬರುತ್ತಿದ್ದ ಅಟೆಂಡರು ದಾರಿಯಲ್ಲಿ ಈಗಿನ ಶಿವಾಜಿನಗರದ ಮಾಂಸದಂಗಡಿಗೆ ಹೋಗಿ ಒಂದು ಸೀಸೆ ಕುರಿರಕ್ತ ತಂದಿದ್ದ. ಹೆಪ್ಪುಗಟ್ಟದಂತೆ ಅಂಗಡಿಯ ಭಾಯಿ ಅದನ್ನು ಕಡ್ಡಿಗಳಿಂದ ಕಡೆದು ಕೊಡುತ್ತಿದ್ದರು. ಅದಕ್ಕೆ ಅಳತೆಯ ಉಪ್ಪುನೀರು ಬೆರೆಸುವುದು ಅಟೆಂಡರ ಕೆಲಸ. ನಾನು ಬಾಗಿಲ ಮರೆಯಲ್ಲಿ ನಿಂತು ಕೆಮ್ಮಿದೆ.

"ಏನಪ್ಪಾ, ಇವತ್ತು ಉಪ್ಪು ಬೇಡ. ಬರೀ ನೀರು ಹಾಕು."

"ಒಡ್ಕೊಂಬಿಡ್ತದಲ್ಲ ಸ್ವಾಮಿ?"

"ಹೇಳಿದಷ್ಟು ಮಾಡಪ್ಪಾ."

ಮಾಡಿದ. ಸೀಸೆ ಪೂರ್ತಿ.

ಮೇಷ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಒಂದು ರಕ್ತಕಣವೂ ಇಲ್ಲ, ಶರಬತ್ತಿನಂಥ ಕೆಂಪು ನೀರು. ಕಣದ ಸುತ್ತ ಕೊಬ್ಬಿನ ಎರಡು ಪದರದ ತೆಳು ಪೊರೆ ಇರುತ್ತದಂತೆ. ನೀರನ್ನು ಒಳಗೆ ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹೊರಗೆ ಉಪ್ಪೇ ಇಲ್ಲದಿದ್ದರೆ ನೀರು ನುಗ್ಗಿ, ಕಣ ಉಬ್ಬಿ ಒಡೆಯುತ್ತದೆ. ಇದೆಲ್ಲ ನಾನು ಆಮೇಲೆ ಓದಿಕೊಂಡದ್ದು.

"ಉಪ್ಪು ಎಲ್ಲಯ್ಯಾ?"

"ತಾವೇ ಬೇಡ ಅಂದ್ರಲ್ಲ ಸ್ವಾಮಿ."

"ನಾನಾ? ಕುಡಿದು ಬಂದಿದೀಯಾ? ನಾಳೆಯಿಂದ ಬರಬೇಡ."

ಅಟೆಂಡರು ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟ. ಪಕ್ಕದ ಗೆಳೆಯ ನನ್ನನ್ನು ತಿವಿದ: "ಏಳೋ ಮಗಾ, ಅವನ ಅನ್ನಕ್ಕೆ ಕಲ್ಲು ಹಾಕ್ತಿದೀಯ."

ಎದ್ದೆ. ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದರೆ ನನ್ನ ದನಿ ಬರಲಿಲ್ಲ. ಎರಡು ಸಲ ಕೆಮ್ಮಿ, "ಏನಪ್ಪಾ, ಇವತ್ತು ಉಪ್ಪು ಬೇಡ" ಎಂದೆ. ಯಾರೂ ನಗಲಿಲ್ಲ. ಮೇಷ್ಟರು ತಮ್ಮ ಗಂಟಲನ್ನೇ ಮುಟ್ಟಿ ನೋಡಿಕೊಂಡರು. ಆಮೇಲೆ ಬಿಲ್ಲೆಯನ್ನು ಎತ್ತಿ ಅಟೆಂಡರ ಕೈಗೆ ಕೊಟ್ಟರು. ವರ್ಷವೆಲ್ಲ ರಕ್ತ ತರುವ ಕೆಲಸ ನನಗೆ ಬಿತ್ತು.

ಪಾಠ ಮುಗಿದ ಮೇಲೆ ಅಟೆಂಡರ ಬಳಿ ಹೋಗಿ, "ಬಾಯಿ ತಪ್ಪಿ ಬಂದ್ಬಿಡ್ತು ಕಣಪ್ಪಾ," ಎಂದೆ. ಅವನು ಸೀಸೆ ತೊಳೆಯುತ್ತಲೇ ಹೇಳಿದ:

"ಆ ಪೊರೆಗೆ ಕಣ್ಣಿಲ್ಲ, ಕಿವಿಯಿಲ್ಲ. ಆದ್ರೂ ಯಾವ್ದನ್ನ ಬಿಡ್ಬೇಕು, ಯಾವ್ದನ್ನ ಬಿಡ್ಬಾರ್ದು ಅಂತ ಗೊತ್ತು. ನಿಮ್ಮ ಬಾಯಿಗೆ ಅಷ್ಟೂ ಗೊತ್ತಿಲ್ವಲ್ಲ ಸ್ವಾಮಿ."